ಕೋಟಿ ಪಟ್ಟು ದೊಡ್ಡದು: ಬಿಟಿ ಸ್ಪೋರಿನ ಹೊರಪದರ ಕಟ್ಟಿದ ಬಗೆ

ಎಲೆಕೋಸಿನ ಹುಳಕ್ಕೆ ಹೊಡೆಯುವ ಬಿಟಿ ಪುಡಿ ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ ಅಲ್ವಾ? ಆ ಪುಡಿಯಲ್ಲಿ ಇರುವುದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾದ ಸ್ಪೋರುಗಳು (ಕಷ್ಟಕಾಲ ಕಳೆಯಲು ಬ್ಯಾಕ್ಟೀರಿಯಾ ಗಟ್ಟಿ ಕವಚದೊಳಗೆ ಮಲಗಿದ ರೂಪ), ಜೊತೆಗೆ ಅದು ಮಾಡುವ ವಿಷದ ಹರಳುಗಳು. ರೇಷ್ಮೆ ಸಾಕುವವರು ಇದನ್ನು ಹಿಪ್ಪುನೇರಳೆ ತೋಟದ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. 1901ರಲ್ಲಿ ಜಪಾನಿನ ಇಶಿವಾತ ಇದನ್ನು ಮೊದಲು ಕಂಡದ್ದೇ ಕಾಯಿಲೆ ಬಿದ್ದ ರೇಷ್ಮೆಹುಳಗಳಲ್ಲಿ.

ನಾನು ಕಟ್ಟಿದ್ದು ಈ ಸ್ಪೋರಿನ ತೀರಾ ಹೊರಗಿನ ಪದರದ ಒಂದು ತುಂಡಿನ ಮಾದರಿ. ಆ ಪದರದ ಹೆಸರು ಎಕ್ಸೋಸ್ಪೋರಿಯಂ. ಎರಡಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಮೇಲೆ ಕೂರುತ್ತದೆ. ಹೈಸ್ಕೂಲ್ ಮಕ್ಕಳು ಕೈಯಲ್ಲಿ ಬಿಚ್ಚಿ, ಮತ್ತೆ ಜೋಡಿಸುವ ಹಾಗೆ ಇರಬೇಕು ಅನ್ನುವುದು ಮೊದಲ ಷರತ್ತು. ಸುಮ್ನೆ ನೋಡಿ ಹೋಗುವ ಥರ್ಮಾಕೋಲ್ ಗುಂಡು ಬೇಡ.

ಈ ಪದರ ಸ್ಪೋರಿಗೆ ಅಂಟಿಕೊಂಡಿರುವುದಿಲ್ಲ. ಒಳಗಿನ ಗಟ್ಟಿ ಕವಚದಿಂದ ದೂರ, ಸಡಿಲವಾಗಿ ಸುತ್ತಿಕೊಂಡಿರುತ್ತದೆ. ಕೆಳಗೆ ತೆಳುವಾದ ಹಾಸು, ಹಾಸಿನ ಮೇಲೆ ಒತ್ತಾಗಿ ನಿಂತ ಕೂದಲು. ಹಾಸು ಮುಖ್ಯವಾಗಿ ಎಕ್ಸ್‌ಎಸ್‌ವೈ ಅನ್ನುವ ಪ್ರೋಟೀನಿನದು. ಕೂದಲು ಬಿಸಿಎಲ್‌ಎ ಅನ್ನುವ ಪ್ರೋಟೀನಿನದು. ಸೀರಿಯಸ್, ತುರಿಂಜಿಯೆನ್ಸಿಸ್, ಆಂಥ್ರಾಸಿಸ್, ಈ ಮೂರೂ ಬ್ಯಾಸಿಲಸ್‌ಗಳು ಹತ್ತಿರದ ಸಂಬಂಧಿಗಳು. ಮೂರರಲ್ಲೂ ಹೊರಪದರದ ಕಟ್ಟುವಿಕೆ ಇದೇ.

ಅಳತೆ

ಒಂದು ನ್ಯಾನೋಮೀಟರಿಗೆ ಒಂದು ಸೆಂಟಿಮೀಟರ್. ಅಂದರೆ ಒಂದು ಕೋಟಿ ಪಟ್ಟು. ಈ ಅಳತೆ ಆರಿಸಲು ಒಂದು ಒಳ್ಳೆ ಕಾರಣ ಇದೆ. ಪ್ರೋಟೀನುಗಳ ರಚನೆ ಇಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನ ಕಡತಗಳಲ್ಲಿ ಪರಮಾಣುಗಳ ಜಾಗ ಆಂಗ್‌ಸ್ಟ್ರಾಂ ಲೆಕ್ಕದಲ್ಲಿ ಇರುತ್ತದೆ. ಹತ್ತು ಆಂಗ್‌ಸ್ಟ್ರಾಂ ಸೇರಿದರೆ ಒಂದು ನ್ಯಾನೋಮೀಟರ್. ಕಿಮೆರಾಎಕ್ಸ್ ತಂತ್ರಾಂಶದಲ್ಲಿ ತೆರೆದು ಎಸ್‌ಟಿಎಲ್ (ತ್ರೀಡಿ ಪ್ರಿಂಟಿಗೆ ಕೊಡುವ ಕಡತ) ಆಗಿ ಉಳಿಸಿದರೆ ಆ ಸಂಖ್ಯೆಗಳು ಹಾಗೇ ಬರುತ್ತವೆ. ತ್ರೀಡಿ ಪ್ರಿಂಟರಿನ ಸ್ಲೈಸರ್ ತಂತ್ರಾಂಶ ಅದನ್ನು ಮಿಲಿಮೀಟರ್ ಅಂತ ಓದುತ್ತದೆ. ಒಂದು ಆಂಗ್‌ಸ್ಟ್ರಾಂ ಒಂದು ಮಿಲಿಮೀಟರ್ ಆಯಿತು. ನಾವು ಏನೂ ಹಿಗ್ಗಿಸಬೇಕಿಲ್ಲ, ಕುಗ್ಗಿಸಬೇಕಿಲ್ಲ.

ಈ ಅಳತೆಯಲ್ಲಿ ಇಡೀ ಸ್ಪೋರ್ ಕಟ್ಟಲು ಹೋದರೆ ಹೊರಪದರ ಸುಮಾರು 20 ಮೀಟರ್ ಉದ್ದ, 10 ಮೀಟರ್ ಅಗಲ ಆಗುತ್ತದೆ. ಶಾಲೆಯ ಹಾಲ್ ಸಾಲುವುದಿಲ್ಲ. ಅದಕ್ಕೇ ಒಂದು ತುಂಡು ಮಾತ್ರ.

ಹಾಸು: ಒಂದೇ ಅಚ್ಚಿನ ಬಿಲ್ಲೆಗಳು

1964ರಲ್ಲಿ ಗೆರ್ಹಾರ್ಟ್ ಮತ್ತು ರೀಬಿ ಅನ್ನುವವರು ಸೀರಿಯಸ್ ಸ್ಪೋರಿನ ಈ ಪದರವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅದರಲ್ಲಿ ಆರು ಮೂಲೆಯ ಜಾಲ ಕಂಡಿತು. ಒಂದು ಕಣ್ಣಿನಿಂದ ಇನ್ನೊಂದಕ್ಕೆ ದೂರ 7.6 ನ್ಯಾನೋಮೀಟರ್. ಆಮೇಲಿನ ಅಳತೆಗಳೂ ಎಂಟರ ಆಸುಪಾಸಿನಲ್ಲೇ ಬಂದಿವೆ. ನಾನು ಎಂಟು ಅಂತ ಇಟ್ಟುಕೊಂಡೆ. ಎದುರು ಅಂಚುಗಳ ನಡುವೆ 8 ಸೆಂ.ಮೀ. ಇರುವ ಷಡ್ಭುಜ, ಪ್ರತಿ ಅಂಚು 4.6 ಸೆಂ.ಮೀ. ಒಂದು ಬಿಲ್ಲೆ ಅಂದರೆ ಎಕ್ಸ್‌ಎಸ್‌ವೈ ಪ್ರೋಟೀನಿನ ಆರು ಪ್ರತಿಗಳು ಸುತ್ತ ಕೂತದ್ದು.

ಬಿಲ್ಲೆಗೆ ರೆಕ್ಸಿನ್ ಬಳಸಿದೆ. ಬಗ್ಗುತ್ತದೆ, ಹರಿಯುವುದಿಲ್ಲ, ಒಂದು ಮುಖ ನುಣುಪು, ಇನ್ನೊಂದು ಮುಖ ಬಟ್ಟೆ. ಒಳಮುಖ ಹೊರಮುಖ ಬೇರೆ ಬೇರೆ ಇರಲೇಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ. ನಡುವೆ 2 ಸೆಂ.ಮೀ. ತೂತು. ನಿಜವಾದ ಹಾಸಿನಲ್ಲೂ ಸಣ್ಣ ದಾರಿಗಳಿವೆ. ಸಣ್ಣ ಅಣುಗಳು ದಾಟುತ್ತವೆ, ದೊಡ್ಡ ಎಂಜೈಮುಗಳು ಹೊರಗೇ ಉಳಿಯುತ್ತವೆ. ದಪ್ಪ ಮಾತ್ರ ಅಳತೆಗೆ ಸರಿಯಾಗಿ ಇಟ್ಟಿಲ್ಲ. ಕೋಟಿ ಪಟ್ಟು ಲೆಕ್ಕದಲ್ಲಿ ಹಾಸು ಹತ್ತು ಸೆಂಟಿಮೀಟರಿಗೂ ಜಾಸ್ತಿ ದಪ್ಪ ಬರಬೇಕು. ಅಷ್ಟು ದಪ್ಪ ಮಾಡಿದರೆ ಮಕ್ಕಳು ಬಗ್ಗಿಸಲು ಆಗುವುದಿಲ್ಲ. ಬೋರ್ಡಿನ ಮೇಲೆ ಇದನ್ನು ಬರೆದು ಅಂಟಿಸಿದ್ದೇನೆ.

ಈಗ ನಿಜವಾದ ಪ್ರಶ್ನೆ. ಬಿಲ್ಲೆಯನ್ನು ಬಿಲ್ಲೆಗೆ ಹೇಗೆ ಸೇರಿಸುವುದು?

ಮ್ಯಾಗ್ನೆಟ್ ಬೇಡ ಅಂದುಕೊಂಡೆ. ಅದು ಯಾವ ಕೋನದಲ್ಲಿ ಬೇಕಾದರೂ ಹಿಡಿಯುತ್ತದೆ, ಎಳೆದರೆ ಬಿಡುತ್ತದೆ. ಎಕ್ಸ್‌ಎಸ್‌ವೈ ಹಾಗಲ್ಲ. ಅದರಲ್ಲಿ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ತುಂಬಾ ಇದೆ. ಎರಡು ಸಿಸ್ಟೀನುಗಳ ಸಲ್ಫರ್ ಒಂದಕ್ಕೊಂದು ಕೊಂಡಿ ಹಾಕಿಕೊಂಡರೆ ಅದು ಡೈಸಲ್ಫೈಡ್. ಹಾಸನ್ನು ಬಿಗಿಯುವುದು ಈ ಕೊಂಡಿಗಳೇ. ಬರೀ ಬಿಸಿ ಮಾಡಿದರೆ ಹಾಸು ಜಗ್ಗುವುದಿಲ್ಲ. ಬಿಸಿಯ ಜೊತೆ ಡಿಟಿಟಿಯಂಥ, ಸಲ್ಫರ್ ಕೊಂಡಿ ಬಿಚ್ಚುವ ರಾಸಾಯನಿಕವೂ ಸೇರಿದಾಗಲೇ ಅದು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ನನಗೆ ಬೇಕಿದ್ದದ್ದು ಎಳೆದರೆ ಬಿಡದ, ಆದರೆ ಸರಿಯಾದ ರೀತಿಯಲ್ಲಿ ಎಬ್ಬಿಸಿದರೆ ಟಕ್ ಅಂತ ಬಿಡುವ ಜೋಡಣೆ. ಟಿಚ್ ಬಟನ್ ಇದಕ್ಕೆ ಹೇಳಿ ಮಾಡಿಸಿದ್ದು. ಅಡ್ಡಡ್ಡ ಎಷ್ಟು ಎಳೆದರೂ ಜಗ್ಗುವುದಿಲ್ಲ. ಅಂಚು ಹಿಡಿದು ಮೇಲಕ್ಕೆ ಎತ್ತಿದರೆ ಬಿಚ್ಚುತ್ತದೆ.

ಬಟನ್ ಹೊಡೆಸಲು ಬ್ಯಾಗ್ ಹೊಲಿಯುವವರ ಹತ್ತಿರ ಹೋದೆ. ಅವರು ಒಂದು ಬಿಲ್ಲೆ ಕೈಗೆ ತೆಗೆದುಕೊಂಡು ತಕ್ಷಣ ಕೇಳಿದರು: "ಸಾರ್, ಮೂರು ಕಡೆ ಗಂಡು, ಮೂರು ಕಡೆ ಹೆಣ್ಣು ಹಾಕಿಬಿಡ್ಲಾ? ಅಲ್ಲಿಗೆ ಮುಗೀತಲ್ಲ."

"ಇಲ್ಲ ಅಣ್ಣಾ, ಆರೂ ಕಡೆ ಒಂದೇ ಥರ ಇರಬೇಕು."

"ಒಂದೇ ಥರ ಇದ್ರೆ ಕೂಡೋದು ಹೆಂಗೆ?"

ಒಳ್ಳೆ ಪ್ರಶ್ನೆ. ಇಡೀ ಕೆಲಸದ ತಿರುಳೇ ಅದು. ಆರು ಪ್ರತಿಗಳೂ ಒಂದೇ ಪ್ರೋಟೀನ್. ಬಿಲ್ಲೆಯನ್ನು ಅರವತ್ತು ಡಿಗ್ರಿ ತಿರುಗಿಸಿದರೆ ಮೊದಲಿನ ಹಾಗೇ ಕಾಣಬೇಕು. ಮೂರು ಅಂಚು ಒಂದು ಥರ, ಮೂರು ಇನ್ನೊಂದು ಥರ ಆದರೆ ಎರಡು ಬೇರೆ ಪ್ರೋಟೀನ್ ಇದ್ದ ಹಾಗೆ. ಹಾಗಾದರೆ ಒಂದು ಅಂಚು, ತನ್ನಂಥದೇ ಇನ್ನೊಂದು ಅಂಚಿಗೆ ಕೂಡಬೇಕು. ಎರಡು ಬಿಲ್ಲೆ ಪಕ್ಕಪಕ್ಕ ಇಟ್ಟು ನೋಡಿ: ಎದುರಿನ ಅಂಚು ನನ್ನ ಅಂಚಿನ ಪ್ರತಿಯೇ, ಆದರೆ ಅರ್ಧ ಸುತ್ತು ತಿರುಗಿದೆ. ನನ್ನ ಎಡಭಾಗಕ್ಕೆ ಅದರ ಬಲಭಾಗ ಬರುತ್ತದೆ. ಹಾಗಾಗಿ ಪ್ರತಿ ಅಂಚಿನ ಎಡಭಾಗದಲ್ಲಿ ಗಂಡು, ಬಲಭಾಗದಲ್ಲಿ ಹೆಣ್ಣು, ಅಂಚಿನ ನಡುಬಿಂದುವಿನಿಂದ ಎರಡೂ ಒಂದೇ ದೂರದಲ್ಲಿ. ಇಷ್ಟು ಸಾಕು. ನನ್ನ ಗಂಡು ಅದರ ಹೆಣ್ಣಿಗೆ, ಅದರ ಗಂಡು ನನ್ನ ಹೆಣ್ಣಿಗೆ.

ಮಂಗಳೂರು ಹೆಂಚಿನಲ್ಲೂ ಒಂದರ ಅಂಚು ಇನ್ನೊಂದರ ತೋಡಿಗೆ ಕೂರುತ್ತದೆ. ಆದರೆ ಹೆಂಚಿಗೆ ಮೇಲು ಕೆಳಗು ಎಡ ಬಲ ಇದೆ, ಹೊದಿಸುವವನು ದಿಕ್ಕು ನೋಡಿ ಇಡಬೇಕು. ಈ ಬಿಲ್ಲೆಗೆ ಆ ಚಿಂತೆಯೇ ಇಲ್ಲ. ಯಾವ ಅಂಚನ್ನು ಯಾವ ಅಂಚಿಗೆ ಕೊಟ್ಟರೂ ಸರಿ.

ಕತ್ತರಿಸುವಾಗ ಪ್ರತಿ ಅಂಚಿನ ಎಡಭಾಗದಲ್ಲಿ 1.2 ಸೆಂ.ಮೀ. ಉದ್ದ, ಅಷ್ಟೇ ಅಗಲದ ಒಂದು ನಾಲಿಗೆ ಬಿಟ್ಟೆ. ನಾಲಿಗೆಯ ಅಡಿಯಲ್ಲಿ ಗಂಡು. ಬಲಭಾಗದಲ್ಲಿ ನಾಲಿಗೆ ಇಲ್ಲ, ಅಂಚಿನಿಂದ ಸ್ವಲ್ಪ ಒಳಗೆ ಹೆಣ್ಣು. ನಡುಬಿಂದುವಿನಿಂದ ಆ ಕಡೆ ಈ ಕಡೆ ಸರಿಯಾಗಿ 1 ಸೆಂ.ಮೀ. ಈ ಒಂದು ಅಳತೆಯಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಸಾಲು ಮುಂದೆ ಹೋದಂತೆ ಮುದುಡುತ್ತದೆ. ಹಾಗಾಗಿ ತಗಡಿನಲ್ಲಿ ಒಂದು ಅಚ್ಚು ಕತ್ತರಿಸಿ, ಎಲ್ಲಾ ತೂತುಗಳನ್ನೂ ಅದೇ ಅಚ್ಚಿನಿಂದ ಗುರುತು ಮಾಡಿದೆ.

37 ಬಿಲ್ಲೆ ಮಾಡಿದೆ: ನಡುವೆ ಒಂದು, ಸುತ್ತ 6, ಅದರ ಸುತ್ತ 12, ಅದರ ಸುತ್ತ 18. ಒಟ್ಟು 222 ಜೊತೆ ಬಟನ್. ಪ್ರತಿ ಜೊತೆಯೂ ಒಂದು ಎಕ್ಸ್‌ಎಸ್‌ವೈ. ಇಪ್ಪತ್ತು ಮೀಟರ್ ಉದ್ದದ ಇಡೀ ಸ್ಪೋರಿಗಾದರೆ ಸುಮಾರು ಒಂದು ಲಕ್ಷ ಬಿಲ್ಲೆ ಬೇಕಾಗುತ್ತದೆ. ಬ್ಯಾಕ್ಟೀರಿಯಾ ಅದನ್ನು ತಾನೇ ಕಟ್ಟಿಕೊಳ್ಳುತ್ತದೆ. ಯಾರೂ ನಿಂತು ಜೋಡಿಸುವುದಿಲ್ಲ.

ಇದು ಊಹೆಯಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಪರ್ ಬುಲ್ಲೊ ಮತ್ತು ಆನ್ ಮೊಯಿರ್ ಅವರ ತಂಡಗಳು ಎಕ್ಸ್‌ಎಸ್‌ವೈ ಜೀನನ್ನು ಮಾತ್ರ ಇ. ಕೋಲೈಗೆ ಹಾಕಿ ನೋಡಿದವು. ಇ. ಕೋಲೈ ಸ್ಪೋರ್ ಮಾಡುವ ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ಆದರೂ ಅದರೊಳಗೆ ಎಕ್ಸ್‌ಎಸ್‌ವೈ ತಾನಾಗಿ ಜೋಡಿಸಿಕೊಂಡು ಅದೇ ಷಡ್ಭುಜದ ಹಾಸು ಕಟ್ಟಿತು. 2017ರಲ್ಲಿ ಇದು ಪ್ರಕಟವಾಯಿತು. ನನಗೆ ಈ ಮಾದರಿ ಕಟ್ಟುವ ಆಸೆ ಹುಟ್ಟಿದ್ದೇ ಈ ಫಲಿತಾಂಶದಿಂದ. ಅಚ್ಚು ಸರಿ ಇದ್ದರೆ ಮೇಸ್ತ್ರಿ ಬೇಡ ಅನ್ನುವುದನ್ನು ಮಕ್ಕಳ ಕೈಗೇ ಕೊಡಬಹುದು ಅನ್ನಿಸಿತು.

ಕೊಟ್ಟೆ. ಏನೂ ಹೇಳದೆ ಬಿಲ್ಲೆಗಳನ್ನು ಮೇಜಿನ ಮೇಲೆ ಸುರಿದೆ. ಯಾವುದು ಎಲ್ಲಿ ಅಂತ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಬರುವುದಿಲ್ಲ. ಒಬ್ಬ ಹುಡುಗಿ ಒಂದು ಬಿಲ್ಲೆಯನ್ನು ಮಗುಚಿ ಕೂಡಿಸಲು ನೋಡಿದಳು. ಬಟ್ಟೆಯ ಮುಖ ಮೇಲೆ ಬಂದಾಗ ನಾಲಿಗೆ ಬಲಕ್ಕೆ ಹೋಗುತ್ತದೆ. ನಾಲಿಗೆಗೆ ನಾಲಿಗೆಯೇ ಎದುರಾಗುತ್ತದೆ, ಕೂಡುವುದಿಲ್ಲ. "ಸಾರ್, ಇದು ಕನ್ನಡಿಯಲ್ಲಿ ಕಂಡ ಹಾಗೆ ಆಗುತ್ತೆ" ಅಂದಳು. ಸರಿಯಾಗಿ ಹಿಡಿದಳು. ಪ್ರೋಟೀನುಗಳನ್ನು ಕಟ್ಟಿರುವ ಅಮೈನೋ ಆಮ್ಲಗಳು, ಗ್ಲೈಸಿನ್ ಒಂದನ್ನು ಬಿಟ್ಟರೆ, ಎಲ್ಲ ಒಂದೇ ಕೈಯವು, ಎಡಗೈಯವು. ಅದರಿಂದ ಕನ್ನಡಿ ಬಿಂಬದ ಬಿಲ್ಲೆ ಹುಟ್ಟುವುದೇ ಇಲ್ಲ. ಹರಳು ಓದುವವರು ಈ ಜೋಡಣೆಗೆ ಪಿ6 ಅನ್ನುತ್ತಾರೆ: ತಿರುಗಿಸಬಹುದು, ಕನ್ನಡಿ ಹಿಡಿಯಲಾಗದು.

ಒಂದು ಬಿಲ್ಲೆಯನ್ನು ಬೇಕೆಂದೇ ಐದು ಮೂಲೆಯದಾಗಿ ಕತ್ತರಿಸಿಟ್ಟಿದ್ದೇನೆ. ಅಂಚಿನ ಅಳತೆ, ಬಟನ್ ಎಲ್ಲಾ ಅವೇ. ಅದರ ಸುತ್ತ ಐದು ಷಡ್ಭುಜ ಕೂಡಿಸಿದರೆ ಚಪ್ಪಟೆ ಹಾಸು ತಾನಾಗಿ ಉಬ್ಬಿ ಮೇಲೇಳುತ್ತದೆ. ಬರೀ ಷಡ್ಭುಜಗಳಿಂದ ಚೆಂಡು ಮುಚ್ಚಲು ಆಗುವುದಿಲ್ಲ, ಜೊತೆಗೆ 12 ಪಂಚಭುಜ ಬೇಕು ಅನ್ನುವುದು ಆಯ್ಲರ್ ಲೆಕ್ಕ. ಇದು ಗಣಿತದ ಮೇಷ್ಟ್ರಿಗಾಗಿ ಇಟ್ಟದ್ದು. ಸ್ಪೋರಿನ ಹಾಸು ಸಡಿಲ, ಸುಕ್ಕುಸುಕ್ಕು. ಅದು ಫುಟ್ಬಾಲಿನಂತೆ ನಿಖರವಾಗಿ ಮುಚ್ಚಿಕೊಂಡಿದೆ ಅಂತ ಯಾರೂ ಅಂದುಕೊಳ್ಳಬಾರದು.

ಕಟ್ಟುವಿಕೆ ಶುರುವಾಗುವುದು ಸ್ಪೋರಿನ ಒಂದು ತುದಿಯಿಂದ. ಮೊದಲು ಅಲ್ಲೊಂದು ಟೋಪಿ ಏಳುತ್ತದೆ, ಇಡೀ ಮೈಯಲ್ಲಿ ಸುಮಾರು ಕಾಲು ಭಾಗ. ಎಕ್ಸ್‌ಎಸ್‌ವೈ ಜೀನ್ ತೆಗೆದುಹಾಕಿದ ಆಂಥ್ರಾಸಿಸ್‌ನಲ್ಲಿ ಆ ಟೋಪಿ ಮಾತ್ರ ಬಂದು ಕೆಲಸ ಅಲ್ಲಿಗೇ ನಿಂತುಬಿಡುತ್ತದೆ. ಮೊಳೆಯುವಾಗ ಬ್ಯಾಕ್ಟೀರಿಯಾ ಹೊರಬರುವುದೂ ಆ ಟೋಪಿಯ ಕಡೆಯಿಂದಲೇ.

ಕೂದಲು: ಮೂರೆಳೆಯ ಹುರಿ

ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದು.

ಬಿಸಿಎಲ್‌ಎ ಪ್ರೋಟೀನಿನ ನಡುಭಾಗ ಕಾಲಜನ್ ಥರದ್ದು. ನಮ್ಮ ಚರ್ಮದಲ್ಲಿ, ಮೂಳೆಯಲ್ಲಿ ಇರುವ ಕಾಲಜನ್‌ನಂತೆಯೇ ಮೂರು ಎಳೆ ಸುತ್ತಿಕೊಂಡ ಹುರಿ. ಪ್ರತಿ ಮೂರನೆಯ ಅಮೈನೋ ಆಮ್ಲ ಗ್ಲೈಸಿನ್. ಮೂರೆಳೆಯ ಈ ರಚನೆಯನ್ನು 1954–55ರಲ್ಲಿ ಮದ್ರಾಸಿನಲ್ಲಿ ಮುಂದಿಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಲೇಬೇಕು ಅಂತ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಕಾಲಜನ್ ಹುರಿಯ ದಪ್ಪ ಸುಮಾರು 1.5 ನ್ಯಾನೋಮೀಟರ್. ನನ್ನ ಅಳತೆಯಲ್ಲಿ ಒಂದೂವರೆ ಸೆಂಟಿಮೀಟರ್. 7 ಮಿ.ಮೀ. ದಪ್ಪದ ಮೂರು ವೈರುಗಳನ್ನು ಒತ್ತಾಗಿ ಸೇರಿಸಿದರೆ ಹೊರಗಿನ ಅಳತೆ 15 ಮಿ.ಮೀ. ಬರುತ್ತದೆ. ಗುಜರಿ ಅಂಗಡಿಯಲ್ಲಿ ಒಳಗೆ ಅಲ್ಯುಮಿನಿಯಂ ಇರುವ, ಸರಿಯಾಗಿ ಅದೇ ದಪ್ಪದ ಹಳೇ ವೈರ್ ಸಿಕ್ಕಿತು. ಅಲ್ಯುಮಿನಿಯಂ ಯಾಕೆ ಅಂದರೆ ತಿರುಚಿದ ಮೇಲೆ ಹಾಗೇ ನಿಲ್ಲುತ್ತದೆ, ಹಿಂದಕ್ಕೆ ಬಿಚ್ಚಿಕೊಳ್ಳುವುದು ಕಡಿಮೆ.

ತಿರುಚುವ ಮೊದಲು ಪ್ರತಿ ವೈರಿನ ಮೇಲೆ ಒಂದೇ ನೇರ ಗೆರೆಯಲ್ಲಿ 8.6 ಮಿ.ಮೀ.ಗೆ ಒಂದರಂತೆ ಬಿಳಿ ಚುಕ್ಕೆ ಇಟ್ಟೆ. ಎಪ್ಪತ್ತು ಚುಕ್ಕೆ. ಪ್ರತಿ ಚುಕ್ಕೆ ಒಂದು ಗ್ಲೈಸಿನ್. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಮೂರು ಅಮೈನೋ ಆಮ್ಲ. ಒಟ್ಟು ಉದ್ದ 60 ಸೆಂ.ಮೀ. ತಿರುಚುವಾಗ ಹುರಿ ಗಿಡ್ಡವಾಗುವುದರಿಂದ ಮೂರು ನಾಲ್ಕು ಸೆಂಟಿಮೀಟರ್ ಜಾಸ್ತಿ ಕತ್ತರಿಸಿಕೊಳ್ಳಬೇಕು, ಹಿಡಿಯುವ ತುದಿಗಳಿಗೆ ಬೇರೆ.

ಮೂರು ತೂತಿನ ಎರಡು ಪ್ಲೈವುಡ್ ಬಿಲ್ಲೆ ಮಾಡಿ, ವೈರಿನ ತುದಿಗಳನ್ನು ಎಂ-ಸೀಲ್ ಹಾಕಿ ಕೂರಿಸಿದೆ. ಚುಕ್ಕೆಗಳ ಸಾಲು ಮೂರರಲ್ಲೂ ಒಳಮುಖ. ಒಂದು ಬಿಲ್ಲೆ ವೈಸ್‌ನಲ್ಲಿ, ಇನ್ನೊಂದರ ನಡುವಿನ ಬೋಲ್ಟ್ ಡ್ರಿಲ್ ಮೆಷಿನಿನ ಬಾಯಿಗೆ. ಕಾಲಜನ್ ಹುರಿ ಬಲಸುತ್ತಿನದು. ಡ್ರಿಲ್ ಮಾಮೂಲಿಯಾಗಿ ತಿರುಗಿದರೆ ಎಡಸುತ್ತು ಬೀಳುತ್ತದೆ. ಹಾಗಾಗಿ ರಿವರ್ಸ್‌ನಲ್ಲಿ, ತೀರಾ ನಿಧಾನಕ್ಕೆ ಓಡಿಸಬೇಕು. ರಿಚ್ ಮತ್ತು ಕ್ರಿಕ್ ಅನ್ನುವ ವಿಜ್ಞಾನಿಗಳು ಕಾಲಜನ್‌ಗೆ ಕೊಟ್ಟ ಮಾದರಿಯಂತೆ 8.6 ಸೆಂ.ಮೀ.ಗೆ ಒಂದು ಪೂರ್ತಿ ಸುತ್ತು ಬರಬೇಕು. ಅಂದರೆ ಇಡೀ ಉದ್ದಕ್ಕೆ ಏಳು ಸುತ್ತು, ಸುತ್ತಿಗೆ ಹತ್ತು ಚುಕ್ಕೆ. ಕೈ ಬಿಟ್ಟಾಗ ಹುರಿ ಸ್ವಲ್ಪ ಹಿಂದೆ ಬರುತ್ತದೆ, ಅಷ್ಟನ್ನು ಮೊದಲೇ ಜಾಸ್ತಿ ತಿರುಗಿಸಿಕೊಳ್ಳಿ.

ಈಗ ನೋಡಿ. ಹುರಿಯನ್ನು ಹೊರಗಿನಿಂದ ಯಾವ ಕಡೆ ತಿರುಗಿಸಿದರೂ ಒಂದು ಬಿಳಿ ಚುಕ್ಕೆಯೂ ಕಾಣುವುದಿಲ್ಲ. ಎರಡು ತುದಿ ಬಿಗಿಯಾಗಿ ಹಿಡಿದು ತಿರುಚಿದ್ದರಿಂದ ಒಳಗಿನ ಗೆರೆ ಕೊನೆಯವರೆಗೂ ಒಳಗೇ ಉಳಿಯಿತು. ಎಪ್ಪತ್ತು ಗ್ಲೈಸಿನ್, ಮೂರೆಳೆಗೆ ಇನ್ನೂರ ಹತ್ತು, ಎಲ್ಲವೂ ನಡುವಿಗೆ ಮುಖ ಮಾಡಿವೆ. ನಡುವೆ ಉಳಿದ ಸಂದು ಎಷ್ಟು? ಮೂರು ವೈರಿನ ಮಧ್ಯೆ ಒಂದು ಮಿಲಿಮೀಟರ್ ತಂತಿ ನುಗ್ಗಿಸಬಹುದು, ಅದಕ್ಕಿಂತ ದಪ್ಪದ್ದು ಹೋಗುವುದೇ ಇಲ್ಲ. ಗ್ಲೈಸಿನ್ನಿಗೆ ಪಕ್ಕದ ಸರಪಳಿ ಅಂತ ಇರುವುದು ಒಂದೇ ಒಂದು ಹೈಡ್ರೋಜನ್. ಬೇರೆ ಯಾವ ಅಮೈನೋ ಆಮ್ಲಕ್ಕೂ ಅಲ್ಲಿ ಜಾಗ ಇಲ್ಲ. ಪ್ರತಿ ಮೂರನೆಯದು ಗ್ಲೈಸಿನ್ನೇ ಯಾಕೆ ಆಗಬೇಕು ಅಂತ ಪುಸ್ತಕದಲ್ಲಿ ಓದುವುದಕ್ಕಿಂತ, ಆ ಸಂದಿಗೆ ಬೆಂಕಿಕಡ್ಡಿ ತುರುಕಲು ನೋಡಿ ಆಗದೇ ಹೋದಾಗ ಚೆನ್ನಾಗಿ ಅರ್ಥವಾಗುತ್ತದೆ.

ಗ್ಲೈಸಿನ್ ಆದ ಮೇಲೆ ಸಾಮಾನ್ಯವಾಗಿ ಪ್ರೋಲಿನ್, ಥ್ರಿಯೋನಿನ್. ಈ ಥ್ರಿಯೋನಿನ್‌ಗಳಿಗೆ ಹೊರಗಡೆಯಿಂದ ಸಕ್ಕರೆ ಅಂಟಿರುತ್ತದೆ, ಅದರಲ್ಲಿ ರ‍್ಯಾಮ್ನೋಸ್ ಮುಖ್ಯ. ಅದಕ್ಕೆ ಹುರಿಯ ಹೊರಮೈಗೆ ಹಸಿರು ಗಾಜಿನ ಮಣಿ ಅಂಟಿಸಿದೆ.

ಉದ್ದ ಎಲ್ಲಾ ತಳಿಯಲ್ಲೂ ಒಂದೇ ಅಲ್ಲ. ಆಂಥ್ರಾಸಿಸ್ ತಳಿಗಳಲ್ಲಿ ಈ ಮೂರರ ಗುಂಪು 17ರಿಂದ 91ರವರೆಗೆ ಸಿಕ್ಕಿದೆ. ಗುಂಪು ಜಾಸ್ತಿ ಇದ್ದಷ್ಟೂ ಕೂದಲು ಉದ್ದ. ನನ್ನ ಅಳತೆಯಲ್ಲಿ ಒಂದು ತಳಿಯದು 15 ಸೆಂ.ಮೀ. ಮೋಟು, ಇನ್ನೊಂದರದು 78 ಸೆಂ.ಮೀ. ಎರಡನ್ನೂ ಒಂದೊಂದು ಮಾಡಿ ಪಕ್ಕದಲ್ಲಿ ಇಟ್ಟಿದ್ದೇನೆ.

ತಲೆ ಮತ್ತು ಬುಡ

ಹುರಿಯ ತುದಿಯಲ್ಲಿ ಒಂದು ಗುಂಡು ತಲೆ. ಮೂರು ಸರಪಳಿಗಳ ಕೊನೆಗಳು ಮಡಚಿಕೊಂಡು, ಮೂರೂ ಒತ್ತಾಗಿ ಕೂತದ್ದು. ಇದರ ರಚನೆ 2005ರಲ್ಲಿ ಎಕ್ಸ್-ರೇಯಿಂದ ಬಿಡಿಸಿದ್ದು. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಕಡತದ ಸಂಖ್ಯೆ 1ಡಬ್ಲ್ಯುಸಿಕೆ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯ ಟಿಎನ್‌ಎಫ್, ಸಿ1ಕ್ಯು ಪ್ರೋಟೀನುಗಳ ಮಡಿಕೆಗೂ ಇದಕ್ಕೂ ಹೋಲಿಕೆ ಇದೆ. ಕಡತ ಇಳಿಸುವಾಗ ಬಯಾಲಜಿಕಲ್ ಅಸೆಂಬ್ಲಿ ಆರಿಸಿಕೊಳ್ಳಿ, ಮೂರೂ ಸೇರಿದ ರೂಪ ಅದರಲ್ಲಿ ಇರುತ್ತದೆ. ಪ್ರಿಂಟ್ ಸುಮಾರು ಐದು ಸೆಂಟಿಮೀಟರ್ ಬರುತ್ತದೆ. ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ, ಒಳಗೆ ಹತ್ತು ಪರ್ಸೆಂಟ್ ತುಂಬಿಸಿದರೆ ಸಾಕು. ತಲೆ ಭಾರವಾದರೆ ಹುರಿ ವಾಲುತ್ತದೆ. ಮೂರು ಹೋಳಿಗೂ ಮೂರು ವೈರಿನ ಬಣ್ಣವನ್ನೇ ಹಚ್ಚಿದೆ, ಯಾವ ಎಳೆ ಎಲ್ಲಿ ಹೋಗಿ ಮಡಚಿತು ಅಂತ ಕಣ್ಣಿನಲ್ಲೇ ಹಿಂಬಾಲಿಸಬಹುದು.

ಬುಡದಲ್ಲಿ ಹುರಿ ನೇರ ಎಕ್ಸ್‌ಎಸ್‌ವೈಗೆ ಕಚ್ಚಿಕೊಳ್ಳುವುದಿಲ್ಲ. ನಡುವೆ ಎಕ್ಸ್‌ಎಸ್‌ಎಫ್‌ಎ ಅನ್ನುವ ಇನ್ನೊಂದು ಪ್ರೋಟೀನ್ ಬೇಕು. ಬಿಎಕ್ಸ್‌ಪಿಬಿ ಅನ್ನುವುದೂ ಅದನ್ನೇ. ಅದು ಇಲ್ಲದ ಸ್ಪೋರುಗಳಲ್ಲಿ ಹಾಸು ಇರುತ್ತದೆ, ಕೂದಲು ಹೆಚ್ಚುಕಮ್ಮಿ ಮಾಯ. ಮಾದರಿಯಲ್ಲಿ ಇದಕ್ಕೆ ಹಿತ್ತಾಳೆಯ ಬಳೆ ಹಾಕಿ, ಕೆಳಗಿನಿಂದ ಪ್ಲೈವುಡ್‌ಗೆ ನಟ್ ಬಿಗಿದೆ. ಬಳೆ ತೆಗೆದರೆ ಹುರಿ ಕೈಗೆ ಬರುತ್ತದೆ. ಹುರಿ ನಿಲ್ಲಿಸಲು ಮೂರು ಬಿಲ್ಲೆ ಕೂಡುವ ಮೂಲೆಗಳನ್ನು ಆರಿಸಿದ್ದು ನನ್ನ ಅನುಕೂಲಕ್ಕೆ, ಅಲ್ಲಿ ಮೂಲೆ ಕತ್ತರಿಸಿದರೆ ಬಟನ್‌ಗಳಿಗೆ ತೊಂದರೆ ಇಲ್ಲ. ನಿಜವಾದ ಸ್ಪೋರಿನಲ್ಲಿ ಕೂದಲು ಒತ್ತಾಗಿರುತ್ತದೆ. ನಾನು ಏಳೇ ಏಳು ನಿಲ್ಲಿಸಿದೆ. ಕೆಳಗಿನ ಹಾಸು ಕಾಣಬೇಕು, ಮಕ್ಕಳ ಕೈ ಒಳಗೆ ಹೋಗಬೇಕು.

ಬಾಕಿ ಇರುವುದು

ಎನಾ ನಾರುಗಳು. ಸೀರಿಯಸ್ ಗುಂಪಿನ ಸ್ಪೋರುಗಳಿಂದ ಹೊರಕ್ಕೆ ಚಾಚುವ ಉದ್ದನೆಯ ಎಳೆಗಳು ಇವು. 2021ರಲ್ಲಿ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ ಇವುಗಳ ರಚನೆ ಬಿಡಿಸಿದರು. ಇಲ್ಲೂ ಒಂದೇ ಪ್ರೋಟೀನ್ ಮತ್ತೆ ಮತ್ತೆ, ಇಲ್ಲೂ ಡೈಸಲ್ಫೈಡ್ ಕೊಂಡಿ, ಆದರೆ ಹಾಸಿನ ಬದಲು ಸುರುಳಿ. ದಪ್ಪನೆಯ ಬಗೆಗೆ ಎಸ್-ಎನಾ ಅನ್ನುತ್ತಾರೆ, ಅದರ ಅಗಲ ಸುಮಾರು 110 ಆಂಗ್‌ಸ್ಟ್ರಾಂ. ನನ್ನ ಅಳತೆಯಲ್ಲಿ 110 ಮಿಲಿಮೀಟರ್, ಅಂದರೆ ಬಚ್ಚಲು ನೀರು ಹೋಗಲು ಹಾಕುವ ನಾಲ್ಕಿಂಚಿನ ಪಿವಿಸಿ ಪೈಪ್ ಸರಿಯಾಗಿ ಅದೇ ಗಾತ್ರ. ಉದ್ದ ಹಲವು ಮೈಕ್ರೋಮೀಟರ್, ಒಂದೊಂದು ಮೈಕ್ರೋಮೀಟರಿಗೆ ಹತ್ತು ಮೀಟರ್ ಪೈಪ್ ಬೇಕು. ಪೂರ್ತಿ ಉದ್ದ ಮಾಡುವುದಿಲ್ಲ. ಒಂದು ಮೀಟರ್ ತುಂಡು ತಂದಿದ್ದೇನೆ. ಅದರ ಮೇಲೆ ರೆಕ್ಸಿನ್ ತುಣುಕುಗಳನ್ನು ಸುರುಳಿಯಾಗಿ ಬಟನ್ ಹಾಕಿ ಕೂಡಿಸಬೇಕು. ಒಂದು ತುಣುಕಿನ ನಾಲಿಗೆ ಪಕ್ಕದ್ದಕ್ಕೆ ಮಾತ್ರ ಅಲ್ಲ, ಹಿಂದಿನ ಸುತ್ತಿನ ತುಣುಕುಗಳಿಗೂ ತಲುಪಬೇಕು. ತಗಡಿನ ಹೊಸ ಅಚ್ಚು ಈಗ ಕತ್ತರಿಸುತ್ತಿದ್ದೇನೆ.